ವೈನ್ ಕೂಡಿಡುವುದು ಒಂದು, ಕೆಡದಂತೆ ಇಡುವುದು ಇನ್ನೊಂದು

ಮನೆಯಲ್ಲಿ ಒಳ್ಳೆಯ ವೈನ್ ಕೂಡಿಡಬೇಕು ಎಂದು ಹೊರಟವರು ಸಾಮಾನ್ಯವಾಗಿ ಬಾಟಲಿಗಳ ಪಟ್ಟಿಯಿಂದ ಶುರು ಮಾಡುತ್ತಾರೆ. ನಾನು ಶುರು ಮಾಡುವುದು ಥರ್ಮಾಮೀಟರಿನಿಂದ. ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ದಾಖಲಿಸುವ ಥರ್ಮಾಮೀಟರ್ ಒಂದನ್ನು ತಂದು, ವೈನ್ ಇಡಬೇಕೆಂದಿರುವ ಜಾಗದಲ್ಲಿ ವರ್ಷದ ಅತಿ ಸೆಖೆಯ ವಾರಗಳಲ್ಲಿ ಇಟ್ಟು ನೋಡಬೇಕು. ಗಾಳಿಯ ಉಷ್ಣತೆ ಬೇಗ ಏರಿ ಬೇಗ ಇಳಿಯುತ್ತದೆ, ಬಾಟಲಿಯೊಳಗಿನದು ಹಾಗಲ್ಲ. ಆದ್ದರಿಂದ ಥರ್ಮಾಮೀಟರಿನ ವೈರಿನ ತುದಿಯನ್ನು ನೀರು ತುಂಬಿದ ಬಾಟಲಿಯೊಳಗೆ ಇಳಿಬಿಟ್ಟರೆ ನಿಜವಾದ ಲೆಕ್ಕ ಸಿಗುತ್ತದೆ. ಆ ನೀರೇ ಹಗಲಿಗೂ ರಾತ್ರಿಗೂ ನಾಲ್ಕೈದು ಡಿಗ್ರಿ ಏರಿಳಿಯುತ್ತಿದ್ದರೆ ಆ ಜಾಗವನ್ನು ಮರೆತುಬಿಡಿ.

ವೈನಿಗೆ ಹೇಳಿದ ಉಷ್ಣತೆ 12ರಿಂದ 14 ಡಿಗ್ರಿ ಸೆಲ್ಸಿಯಸ್. ಆದರೆ 13ರಲ್ಲೇ ಇದೆಯೇ ಎಂಬುದಕ್ಕಿಂತ ಒಂದೇ ಕಡೆ ನಿಂತಿದೆಯೇ ಎಂಬುದು ಮುಖ್ಯ. ವರ್ಷವಿಡೀ 17ರಲ್ಲಿ ಅಲುಗಾಡದೆ ಇರುವ ವೈನ್, ದಿನವೂ 14ರಿಂದ 22ಕ್ಕೆ ಓಡಾಡುವ ವೈನಿಗಿಂತ ಚೆನ್ನಾಗಿರುತ್ತದೆ. ಕಾರಣ ಸರಳ. 750 ಮಿಲಿಲೀಟರಿನ ಬಾಟಲಿಯಲ್ಲಿ ಉಷ್ಣತೆ ಹತ್ತು ಡಿಗ್ರಿ ಏರಿದರೆ ವೈನ್ ಸುಮಾರು ಎರಡು ಮಿಲಿಲೀಟರ್ ಹಿಗ್ಗುತ್ತದೆ. ಕಾರ್ಕಿನ ಕೆಳಗೆ ಇರುವ ಖಾಲಿ ಜಾಗವೇ ಕೆಲವು ಮಿಲಿಲೀಟರ್. ಹಿಗ್ಗಿದಾಗ ಒತ್ತಡ ಕಾರ್ಕನ್ನು ಮೇಲಕ್ಕೆ ತಳ್ಳುತ್ತದೆ, ಪಕ್ಕದಿಂದ ಒಂದಿಷ್ಟು ಜಿನುಗುತ್ತದೆ. ಕುಗ್ಗಿದಾಗ ಅದೇ ದಾರಿಯಲ್ಲಿ ಗಾಳಿ ಒಳಗೆ ಬರುತ್ತದೆ. ಬಾಟಲಿಯ ಮೂತಿಗಿಂತ ಎದ್ದುನಿಂತ ಕಾರ್ಕ್, ಮೂತಿಗೆ ಹೊದಿಸಿದ ಕವಚದ (ಕ್ಯಾಪ್ಸೂಲ್) ಕೆಳಗೆ ಅಂಟಂಟಾದ ಗೆರೆ ಕಂಡರೆ ಆ ಬಾಟಲಿ ಬಿಸಿಲು ಕಂಡಿದೆ ಎಂದೇ ತಿಳಿಯಬೇಕು. ಬಿಸಿಯಲ್ಲಿಟ್ಟರೆ ವೈನ್ ಬೇಗ ಪಕ್ವವಾಗುತ್ತದೆ ಎನ್ನುವವರೂ ಇದ್ದಾರೆ. ಹಾಗಾಗುವುದಿಲ್ಲ. ಒಳಗೆ ನಡೆಯುವ ಬದಲಾವಣೆಗಳೆಲ್ಲ ಒಂದೇ ವೇಗದಲ್ಲಿ ಏರುವುದಿಲ್ಲವಾದ್ದರಿಂದ ಹಣ್ಣಿನ ಪರಿಮಳ ಹೋಗಿ, ಬೇಯಿಸಿದ ಜಾಮಿನ ರುಚಿ ಮಾತ್ರ ಉಳಿಯುತ್ತದೆ.

ತಂಪಾದ ನೆಲಮಾಳಿಗೆ ಇಲ್ಲದವರಿಗೆ ವೈನ್ ಕ್ಯಾಬಿನೆಟ್ಟೇ ದಾರಿ. ಕೊಳ್ಳುವಾಗ ಮೊದಲು ನೋಡಬೇಕಾದ್ದು ಒಳಗಿನ ಯಂತ್ರ. ಕಂಪ್ರೆಸರ್ ಇಲ್ಲದ ಥರ್ಮೋಎಲೆಕ್ಟ್ರಿಕ್ ಮಾದರಿ ಸದ್ದಿಲ್ಲದೆ ಕೆಲಸ ಮಾಡುತ್ತದೆ, ಆದರೆ ಅದು ಕೋಣೆಯ ಉಷ್ಣತೆಗಿಂತ ಇಂತಿಷ್ಟು ಡಿಗ್ರಿ ಮಾತ್ರ ಕೆಳಗಿಳಿಸಬಲ್ಲದು. ಕೋಣೆ ಕಾದರೆ ಒಳಗೂ ಏರುತ್ತದೆ. ಸೆಖೆ ಹೆಚ್ಚಿರುವ ಮನೆಗೆ ಕಂಪ್ರೆಸರ್ ಇರುವುದೇ ಬೇಕು. ಎರಡನೆಯದು, ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆಯನ್ನು ನಂಬಬೇಡಿ. ಅದು ಫ್ರಾನ್ಸಿನ ಬೋರ್ಡೊ ಪ್ರದೇಶದ ಸಣಕಲು ಬಾಟಲಿಗಳನ್ನು ಒತ್ತಾಗಿ ಜೋಡಿಸಿದ ಲೆಕ್ಕ. ಫ್ರಾನ್ಸಿನವೇ ಆದ ಬರ್ಗಂಡಿ, ಶಾಂಪೇನ್ ಬಾಟಲಿಗಳ ಹೊಟ್ಟೆ ದಪ್ಪ, ಅವು ಸೇರಿದರೆ 50 ಎಂದು ಬರೆದಲ್ಲಿ ನಲವತ್ತು ಹಿಡಿಸುವುದೂ ಕಷ್ಟ. ಹಿಂಭಾಗದಿಂದ ಬಿಸಿಗಾಳಿ ಬಿಡುವ ಮಾದರಿಯನ್ನು ಮರದ ಕಪಾಟಿನೊಳಗೆ ತೂರಿಸಿದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಬೇಗ ಹಾಳಾಗುತ್ತದೆ. ಒಳಗಿಡುವುದಾದರೆ ಮುಂಭಾಗದಿಂದ ಗಾಳಿ ಬಿಡುವುದನ್ನೇ ಕೊಳ್ಳಬೇಕು. ಕ್ಯಾಬಿನೆಟ್ಟಿನ ಮೇಲಿನ ಹಲಗೆ ಕೆಳಗಿನದಕ್ಕಿಂತ ಒಂದೆರಡು ಡಿಗ್ರಿ ಬೆಚ್ಚಗಿರುವುದು ಸಾಮಾನ್ಯ. ನಾನು ಬಹಳ ವರ್ಷ ಇಡುವವನ್ನು ಕೆಳಗೆ, ಬೇಗ ತೆರೆಯುವವನ್ನು ಮೇಲೆ ಇಡುತ್ತೇನೆ. ಕರೆಂಟು ಹೋದರೆ ಬಾಗಿಲು ತೆರೆಯದಿರುವುದೊಂದೇ ಮಾಡಬೇಕಾದ್ದು. ತುಂಬಿದ ಕ್ಯಾಬಿನೆಟ್ ಗಂಟೆಗಟ್ಟಲೆ ತಂಪು ಹಿಡಿದಿಡುತ್ತದೆ, ಅರೆಬರೆ ಖಾಲಿ ಇದ್ದುದು ಅಷ್ಟು ಹೊತ್ತು ತಡೆಯುವುದಿಲ್ಲ.

ಮನೆಯ ಸಾಮಾನ್ಯ ಫ್ರಿಜ್ಜಿನಲ್ಲಿ ಕೆಲವು ವಾರ ಇಡಬಹುದು, ವರ್ಷಗಟ್ಟಲೆ ಇಡಬಾರದು. ಅಲ್ಲಿ ಉಷ್ಣತೆ 4 ಡಿಗ್ರಿಯ ಆಸುಪಾಸು, ಗಾಳಿಯೂ ಒಣ. ತೇವಾಂಶ ಶೇಕಡ 60ರಿಂದ 70 ಇದ್ದರೆ ಸಾಕು. ತೀರ ಒಣಗಿದರೆ ಕಾರ್ಕಿನ ಹೊರತುದಿ ಪುಡಿಯಾಗುತ್ತದೆ, ತೀರ ಹೆಚ್ಚಿದರೆ ಲೇಬಲ್ ಬೂಷ್ಟು ಹಿಡಿಯುತ್ತದೆ, ವೈನಿಗೆ ಏನೂ ಆಗುವುದಿಲ್ಲ. ಕಾರ್ಕ್ ಇರುವ ಬಾಟಲಿ ಮಲಗಿರಬೇಕು. ತಿರುಪು ಮುಚ್ಚಳದ್ದು ಹೇಗಿದ್ದರೂ ಸರಿ. ಬೆಳಕು ಮಾತ್ರ ಕಡೆಗಣಿಸುವಂಥದ್ದಲ್ಲ. ಬಿಸಿಲಿನ ಮತ್ತು ಟ್ಯೂಬ್‌ಲೈಟಿನ ನೇರಳಾತೀತ, ನೀಲಿ ಕಿರಣಗಳು ವೈನಿನಲ್ಲಿರುವ ರೈಬೋಫ್ಲೇವಿನ್ ಎಂಬ ಜೀವಸತ್ವದ ಮೂಲಕ ಗಂಧಕದ ದುರ್ವಾಸನೆಯ ವಸ್ತುಗಳನ್ನು ಹುಟ್ಟಿಸುತ್ತವೆ. ಬೇಯಿಸಿದ ಎಲೆಕೋಸಿನ ವಾಸನೆ ಅದು. ಬಣ್ಣವಿಲ್ಲದ ಗಾಜಿನ ಬಾಟಲಿಗಳಿಗೆ ಈ ಅಪಾಯ ಹೆಚ್ಚು. ಲೂಯಿ ರೋಡರೆ ಮನೆತನದ ಕ್ರಿಸ್ಟಲ್ ಶಾಂಪೇನಿಗೆ ಸುತ್ತುವ ಹಳದಿ ಸೆಲೋಫೇನ್ ಅಲಂಕಾರಕ್ಕಲ್ಲ, ಬೆಳಕು ತಡೆಯಲು, ಅದನ್ನು ಬಿಚ್ಚದೆ ಇಡಿ.

ಇನ್ನು ಏನನ್ನು ಕೂಡಿಡಬೇಕು? ಮಾರುಕಟ್ಟೆಗೆ ಬರುವ ವೈನಿನಲ್ಲಿ ಬಹುಪಾಲು ಒಂದೆರಡು ವರ್ಷದೊಳಗೆ ಕುಡಿಯಲೆಂದೇ ಮಾಡಿದ್ದು. ಇಟ್ಟರೆ ಬೆಳೆಯುವುದಿಲ್ಲ, ಸೊರಗುತ್ತದೆ. ಬೆಳೆಯಬೇಕಾದರೆ ಹುಳಿ, ಒಗರು, ಸಿಹಿ ಇವುಗಳಲ್ಲಿ ಒಂದಾದರೂ ಗಟ್ಟಿಯಾಗಿರಬೇಕು, ಜೊತೆಗೆ ಹಣ್ಣಿನ ಸತ್ವವೂ ಇರಬೇಕು. ಒಗರಿಗೆ ಇಟಲಿಯ ಬರೋಲೊ ಮತ್ತು ಕ್ಯಾಬರ್ನೆ ದ್ರಾಕ್ಷಿ ಹೆಚ್ಚಿರುವ ಬೋರ್ಡೊ, ಹುಳಿಗೆ ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್, ಸಿಹಿಗೆ ಫ್ರಾನ್ಸಿನ ಸೋಟರ್ನ್ ಮತ್ತು ಪೋರ್ಚುಗಲ್ಲಿನ ವಿಂಟೇಜ್ ಪೋರ್ಟ್. ಬರೋಲೊ ಮಾರಾಟಕ್ಕೆ ಬರುವ ಮೊದಲೇ ಕಾನೂನಿನ ಪ್ರಕಾರ 38 ತಿಂಗಳು ಕಳೆದಿರಬೇಕು, ರಿಸರ್ವಾ ಎಂಬ ಮೇಲಿನ ದರ್ಜೆಯದಾದರೆ 62 ತಿಂಗಳು. ಅಷ್ಟಾದರೂ ಒಳ್ಳೆಯ ವರ್ಷದ ಬರೋಲೊ ಕೈಗೆ ಬಂದಾಗ ಒಗರಿನಿಂದ ನಾಲಿಗೆ ದೊರಗಾಗುತ್ತದೆ. ಕಾಯುವ ತಾಳ್ಮೆ ಇಲ್ಲದವರಿಗೆ ಸ್ಪೇನಿನ ರಿಯೋಹಾ ಗ್ರಾನ್ ರೆಸೆರ್ವಾ ಹೇಳಿ ಮಾಡಿಸಿದ್ದು. ಪೀಪಾಯಿ ಮತ್ತು ಬಾಟಲಿ ಸೇರಿ ಐದು ವರ್ಷ ಅವರೇ ಇಟ್ಟು ಕಳಿಸುತ್ತಾರೆ, ಅರ್ಧ ಕೆಲಸ ಮುಗಿದೇ ಬರುತ್ತದೆ.

ಒಂದೊಂದೇ ಬಾಟಲಿ ಕೊಳ್ಳುವುದು ನನ್ನ ಮಟ್ಟಿಗೆ ಸಂಗ್ರಹವಲ್ಲ, ಪ್ರದರ್ಶನ. ಒಂದೇ ಇದ್ದರೆ ಯಾವಾಗ ತೆರೆಯಬೇಕು ಎಂಬ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ, ಕೊನೆಗೆ ಅದು ತೆರೆಯದೆಯೇ ಮುದಿಯಾಗುತ್ತದೆ. ಒಂದೇ ವೈನ್ ಮೂರೋ ಆರೋ ಕೊಂಡು, ಮೊದಲನೆಯದನ್ನು ಬೇಗನೇ ತೆರೆದು, ರುಚಿಯನ್ನು ಬರೆದಿಟ್ಟು, ಮುಂದಿನದಕ್ಕೆ ಎರಡು ಮೂರು ವರ್ಷ ಬಿಡಬೇಕು. ಅದು ಎತ್ತ ಸಾಗುತ್ತಿದೆ ಎಂದು ತಿಳಿಯುವುದು ಹೀಗೇ. ಕೊಂಡದ್ದು, ವರ್ಷ, ಇಟ್ಟ ಹಲಗೆ, ತೆರೆಯಬೇಕಾದ ಅವಧಿ, ಇಷ್ಟನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿ ಬರೆದು, ಬಾಟಲಿಯ ಕತ್ತಿಗೆ ವರ್ಷ ಕಾಣುವ ಚೀಟಿ ಕಟ್ಟಿದರೆ ಹುಡುಕಲು ಎಲ್ಲವನ್ನೂ ಎಳೆದಾಡುವುದು ತಪ್ಪುತ್ತದೆ.

ಹಳೆಯ ಬಾಟಲಿ ಕೊಳ್ಳುವಾಗ ಎರಡು ನೋಡಿ: ವೈನಿನ ಮಟ್ಟ ಮತ್ತು ಅದು ಯಾರ ಯಾರ ಕೈ ದಾಟಿ ಬಂದ ದಾರಿ. ಮೂವತ್ತು ವರ್ಷದ ಬೋರ್ಡೊದಲ್ಲಿ ಮಟ್ಟ ಕತ್ತಿನ ಬುಡದವರೆಗೆ ಇಳಿದಿರುವುದು ಸಹಜ, ಕತ್ತು ಅಗಲವಾಗುವ ಭುಜದ ನಡುವಿಗೆ ಇಳಿದಿದ್ದರೆ ಕೈ ಹಾಕಬೇಡಿ. ಇನ್ನು ದಾರಿ. 2008ರಲ್ಲಿ ನ್ಯೂಯಾರ್ಕಿನ ಹರಾಜೊಂದಕ್ಕೆ ಬರ್ಗಂಡಿಯ ಪೊನ್ಸೊ ಮನೆತನದ ಕ್ಲೊ ಸೇಂಟ್ ಡೆನಿ ವೈನಿನ ಹೆಸರಿನಲ್ಲಿ 1945ರಷ್ಟು ಹಳೆಯ ಬಾಟಲಿಗಳು ಬಂದವು. ಆ ಮನೆತನ ಆ ವೈನನ್ನು ಮಾಡಲು ಶುರು ಮಾಡಿದ್ದೇ 1980ರ ದಶಕದಲ್ಲಿ. ಆ ನಕಲಿ ಬಾಟಲಿಗಳ ಹಿಂದಿದ್ದ ರೂಡಿ ಕುರ್ನಿಯವಾನ್‌ಗೆ 2014ರಲ್ಲಿ ಹತ್ತು ವರ್ಷ ಜೈಲಾಯಿತು. ಲೇಬಲ್ ನೋಡಿ ಮರುಳಾಗುವ ಮೊದಲು ಮೊದಲ ಕೊಂಡವರ ರಸೀದಿ ಕೇಳುವುದರಲ್ಲಿ ಸಂಕೋಚ ಬೇಡ.

ಹಳೆಯ ಬಾಟಲಿ ತೆರೆಯುವುದಕ್ಕೆ ಎರಡು ದಿನ ಮೊದಲೇ ಅದನ್ನು ನೆಟ್ಟಗೆ ನಿಲ್ಲಿಸಿ. ಪಕ್ಕಕ್ಕೆ ಕೂತ ಗಷ್ಟು ನಿಧಾನವಾಗಿ ತಳಕ್ಕೆ ಇಳಿಯುತ್ತದೆ. ಹಳೆಯ ಕಾರ್ಕಿಗೆ ಮಾಮೂಲಿ ಸುರುಳಿ ಚುಚ್ಚಿದರೆ ನಡುವೆಯೇ ಮುರಿಯುತ್ತದೆ. ಆ-ಸೋ ಎನ್ನುವ ಎರಡು ಅಲಗಿನ ಸಾಧನ ಬೇಕು. ಉದ್ದದ ಅಲಗನ್ನು ಮೊದಲು ಕಾರ್ಕಿಗೂ ಗಾಜಿಗೂ ನಡುವೆ ಇಳಿಸಿ, ಆಮೇಲೆ ಗಿಡ್ಡದ್ದನ್ನು. ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತೂಗುತ್ತ ಒತ್ತಿ, ಪೂರ್ತಿ ಇಳಿದ ಮೇಲೆ ತಿರುಗಿಸುತ್ತ ಎಳೆಯಿರಿ. ಬರೀ ಕೆಳಕ್ಕೆ ಒತ್ತಿದರೆ ಕಾರ್ಕೇ ವೈನಿಗೆ ಬೀಳುತ್ತದೆ. ಚೂರು ಬಿದ್ದರೆ ತೊಳೆದ ಮಸ್ಲಿನ್ ಬಟ್ಟೆಯಲ್ಲಿ ಸೋಸಿ, ಕಾಗದದ ಫಿಲ್ಟರಿಗೆ ತನ್ನದೇ ವಾಸನೆ ಇರುತ್ತದೆ.

ಗಷ್ಟು ಬಿಟ್ಟು ತಿಳಿ ವೈನನ್ನು ಡಿಕ್ಯಾಂಟರ್ ಎಂಬ ಗಾಜಿನ ಹೂಜಿಗೆ ಸುರಿಯುವಾಗ ಬಾಟಲಿಯ ಭುಜದ ಕೆಳಗೆ ಫೋನಿನ ಟಾರ್ಚ್ ಹಿಡಿಯಿರಿ. ನಡುವೆ ನಿಲ್ಲಿಸಬಾರದು, ನಿಲ್ಲಿಸಿದರೆ ಹಿಂದಕ್ಕೆ ಹರಿದ ವೈನ್ ತಳವನ್ನು ಕಲಕುತ್ತದೆ. ಮುಕ್ಕಾಲು ಪಾಲು ಸುರಿದ ಮೇಲೆ ಭುಜದಲ್ಲಿ ಹೊಗೆಯ ಎಳೆಯಂತೆ ಕಪ್ಪು ಗೆರೆಯೊಂದು ಕಾಣುತ್ತದೆ. ಅದು ಕತ್ತಿಗೆ ಬಂದೊಡನೆ ಬಾಟಲಿ ಎತ್ತಿ. ತಳದಲ್ಲಿ 30ರಿಂದ 50 ಮಿಲಿಲೀಟರ್ ಉಳಿಯುತ್ತದೆ, ಉಳಿಯಲಿ. ಬಿಳಿ ವೈನಿನ ತಳದಲ್ಲಿ ಕಾಣುವ ಗಾಜಿನ ಚೂರಿನಂಥ ಹರಳುಗಳು ಬೇರೆ, ಅವು ಟಾರ್ಟಾರಿಕ್ ಆಮ್ಲದ ಲವಣ, ಕೆಡುಕಿಲ್ಲ. ಎಳೆಯ ಬರೋಲೊವನ್ನು ಕುಡಿಯುವ ಎರಡು ಮೂರು ಗಂಟೆ ಮೊದಲೇ ಸುರಿದಿಡಬಹುದು. ಮೂವತ್ತು ವರ್ಷ ದಾಟಿದ್ದನ್ನು ಬಡಿಸುವ ಹೊತ್ತಿಗೇ ಸುರಿಯಬೇಕು, ಅದರ ಪರಿಮಳ ಅರ್ಧ ಗಂಟೆಯಲ್ಲಿ ಕರಗಿಹೋಗಬಹುದು. ಗೆಳೆಯರ ಮನೆಗೆ ಒಯ್ಯುವುದಾದರೆ ಗಷ್ಟು ಬೇರ್ಪಡಿಸಿ, ಬಾಟಲಿಯನ್ನು ಬರೀ ನೀರಿನಲ್ಲಿ ತೊಳೆದು, ಪೂರ್ತಿ ಬಸಿದು, ವೈನನ್ನು ಅದಕ್ಕೇ ವಾಪಸು ತುಂಬಿ ಕಾರ್ಕ್ ಹಾಕಿ. ದಾರಿಯಲ್ಲಿ ಎಷ್ಟು ಕುಲುಕಿದರೂ ಕದಡುವುದಿಲ್ಲ.

ಹಂಚಿಕೊಳ್ಳುವ ಲೆಕ್ಕ ಇಷ್ಟು: ರುಚಿ ನೋಡಲು ತಲೆಗೆ 60 ಮಿಲಿಲೀಟರ್ ಸಾಕು, ಒಂದು ಬಾಟಲಿ ಹನ್ನೆರಡು ಜನಕ್ಕೆ ಬರುತ್ತದೆ. ಎಂಟು ಜನ, ಐದು ವೈನ್ ಇದ್ದರೆ ಮಾತಿಗೂ ಹದ, ತಲೆಗೂ ಹದ. ಉಗುಳಲು ಪಾತ್ರೆ, ಕುಡಿಯಲು ನೀರು ಇರಲೇಬೇಕು. ಕೆಂಪು 16ರಿಂದ 18 ಡಿಗ್ರಿ, ಬಿಳಿ 8ರಿಂದ 12. ತಂಪು ಮಾಡಲು ಬರೀ ಐಸಿನಲ್ಲಿ ಹೂತಿಡುವುದಕ್ಕಿಂತ ಅರ್ಧ ಐಸು ಅರ್ಧ ನೀರು ಬೇಗ ಕೆಲಸ ಮಾಡುತ್ತದೆ, ನೀರು ಗಾಜಿಗೆ ಎಲ್ಲ ಕಡೆ ತಾಗುತ್ತದಲ್ಲ. ಹೆಸರು ಮುಚ್ಚಿ ರುಚಿ ನೋಡುವುದಾದರೆ ಬಟ್ಟೆ ಸುತ್ತಿದರೆ ಸಾಲದು, ಬಾಟಲಿಯ ಆಕಾರವೇ ಊರನ್ನು ಹೇಳಿಬಿಡುತ್ತದೆ. ಒಂದೇ ಥರದ ಖಾಲಿ ಬಾಟಲಿಗಳಿಗೆ ಸುರಿದು ಅಂಕಿ ಹಾಕಿ.

ಗ್ಲಾಸುಗಳನ್ನು ಮೊದಲೇ ಮೂಸಿ ನೋಡಿ. ಮುಚ್ಚಿದ ಕಪಾಟಿನಲ್ಲಿ ಬೋರಲು ಇಟ್ಟ ಗ್ಲಾಸಿಗೆ ಮರದ ವಾಸನೆ ಹತ್ತಿರುತ್ತದೆ, ಆಮೇಲೆ ಬೈಗುಳ ವೈನಿಗೆ. ಗ್ಲಾಸು ಶುದ್ಧವಾಗಿದ್ದೂ ಒದ್ದೆ ರಟ್ಟಿನಂಥ ಮುಗ್ಗಲು ವಾಸನೆ ಬಂದರೆ ಅದು ಟಿಸಿಎ, ಕಾರ್ಕಿನಿಂದ ಬರುವ ದೋಷ. ಲೀಟರಿಗೆ ಕೆಲವೇ ನ್ಯಾನೋಗ್ರಾಮ್ ಇದ್ದರೂ ಮೂಗಿಗೆ ತಾಗುತ್ತದೆ. ಡಿಕ್ಯಾಂಟರಿನಲ್ಲಿ ಕಾದರೆ ಹೋಗುವುದಿಲ್ಲ, ಇನ್ನೂ ಎದ್ದು ಕಾಣುತ್ತದೆ. ಜನ ಸೇರಿಸುವ ದಿನ ಒಂದು ಬಾಟಲಿ ಹೆಚ್ಚಿಗೆ ತೆಗೆದಿಡುವುದು ಇದಕ್ಕೇ.

ಅರ್ಧ ಉಳಿಯುವಂತಿದ್ದರೆ ಗಾಳಿ ಹೊರಗೆಳೆಯುವ ಪಂಪು ಗಿಂಪು ಬೇಡ. 375 ಮಿಲಿಲೀಟರಿನ ಬಾಟಲಿಯನ್ನು ಮೊದಲೇ ತೊಳೆದು ಒಣಗಿಸಿಟ್ಟುಕೊಂಡು, ದೊಡ್ಡ ಬಾಟಲಿ ತೆರೆದೊಡನೆ ಅದಕ್ಕೆ ಕಂಠಪೂರ್ತಿ ತುಂಬಿ, ಗಾಳಿಗೆ ಜಾಗ ಇಲ್ಲದಂತೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಎಳೆಯ ವೈನ್ ವಾರದವರೆಗೂ ಚೆನ್ನಾಗಿರುತ್ತದೆ. ಊಟವಾದ ಮೇಲೆ ಉಳಿದದ್ದನ್ನು ತುಂಬಿದರೆ ಅಷ್ಟು ದಿನ ಬರುವುದಿಲ್ಲ, ಅಷ್ಟರಲ್ಲಿ ಅದು ಗಾಳಿ ಕುಡಿದಿರುತ್ತದೆ. ಕಾರ್ಕ್ ತೆಗೆಯದೆ ಸೂಜಿಯಿಂದ ವೈನ್ ಎಳೆದು ಆರ್ಗಾನ್ ತುಂಬುವ ಕೊರಾವಿನ್ ಸಾಧನ ಒಂದೊಂದೇ ಗ್ಲಾಸು ಬೇಕೆನ್ನುವವರಿಗೆ ಒಳ್ಳೆಯದು, ಆದರೆ ಪುಡಿಯಾಗುವ ಹಳೆಯ ಕಾರ್ಕಿಗೆ ಅದನ್ನು ಚುಚ್ಚಬೇಡಿ, ತೂತು ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಆ ಸೂಜಿ ಶಾಂಪೇನಿಗೂ ಸಲ್ಲದು. ಅದಕ್ಕೆ ಕತ್ತಿನ ಉಂಗುರಕ್ಕೆ ಹಿಡಿದುಕೊಳ್ಳುವ ಕ್ಲಿಪ್ಪಿನ ಮುಚ್ಚಳ ಬೇಕು. ಹಾಕಿ ತಣ್ಣಗಿಟ್ಟರೆ ಮಾರನೆಯ ದಿನವೂ ಗುಳ್ಳೆ ಇರುತ್ತದೆ.