‘ಈ ಕೆಲಸ ನನ್ನದು’ ಎಂದು ಎಲ್ಲರ ಮುಂದೆ ಹೇಳುವುದು ಹೇಗೆ?

ಸಂಘವಿರಲಿ, ಕಚೇರಿಯಿರಲಿ, ‘ಯಾರಾದ್ರೂ ನೋಡ್ಕೊಳ್ತಾರೆ ಬಿಡಿ’ ಎಂದ ಕೆಲಸ ಹಾಗೇ ಉಳಿಯುತ್ತದೆ. ಇದು ಬರೀ ಸೋಮಾರಿತನ ಅಲ್ಲ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಬೇರೆ ಕೋಣೆಯಲ್ಲಿ ಒಬ್ಬರಿಗೆ ಫಿಟ್ಸ್ ಬಂದಂತೆ ಕೇಳಿಸಿದರು. ಕೇಳುತ್ತಿರುವುದು ತಾನೊಬ್ಬನೇ ಅಂದುಕೊಂಡವರಲ್ಲಿ ಶೇ 85 ಮಂದಿ ಫಿಟ್ಸ್ ಸದ್ದು ನಿಲ್ಲುವ ಮುಂಚೆಯೇ ನೆರವು ಕೇಳಲು ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಅಷ್ಟರೊಳಗೆ ಎದ್ದವರು ಶೇ 31 ಮಾತ್ರ. ಹಾಗಾಗಿ ಹೊಣೆಗೆ ಹೆಸರು ಬೇಕೇ ಬೇಕು.

ಮೊದಲು ನಿಮ್ಮ ಕೆಲಸವನ್ನು ಬರೆದುಕೊಳ್ಳಿ. ಹುದ್ದೆಯ ಹೆಸರು ಸಾಲದು. ‘ನಾನು ಖಜಾಂಚಿ’ ಎಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ‘ಚಂದಾ ಪಡೆದು ಅವತ್ತೇ ರಸೀದಿ ಕೊಡುತ್ತೇನೆ. ಪ್ರತಿ ತಿಂಗಳು 5ನೇ ತಾರೀಕಿನೊಳಗೆ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕುತ್ತೇನೆ’ ಎಂದು ಬರೆಯಿರಿ. ಆಗ ಯಾರು ಬೇಕಾದರೂ ನಿಮ್ಮನ್ನು ಕೇಳಬಹುದು.

ಇನ್ನು, ಜಾಸ್ತಿ ಜನ ಬಿಟ್ಟುಬಿಡುವ ಭಾಗ: ನಿಮ್ಮ ಕೆಲಸ ಎಲ್ಲಿಗೆ ಮುಗಿಯುತ್ತದೆ? ‘ಖರ್ಚಿಗೆ ಒಪ್ಪಿಗೆ ಕೊಡುವುದು ನನ್ನ ಕೈಲಿಲ್ಲ, ಅದು ಸಮಿತಿಯದು’ ಎಂಬ ಸಾಲು ಖಂಡಿತ ಇರಲಿ. ಹೇಳಲು ಮುಜುಗರ ಆಗುತ್ತದೆ, ಜಾರಿಕೊಳ್ಳುತ್ತಿದ್ದೇನೆ ಅಂದುಕೊಂಡಾರು ಅಂತ. ಆದರೆ ಈ ಗೆರೆ ಇಲ್ಲದಿದ್ದರೆ ನಾಳೆ ಮನಸ್ತಾಪ ಆಗುವುದು ಇಲ್ಲೇ. ನನ್ನನ್ನು ಕೇಳಿದರೆ, ‘ಮಾಡುತ್ತೇನೆ’ ಎನ್ನುವ ಸಾಲುಗಳಷ್ಟೇ ತೂಕ ಇದಕ್ಕೂ ಇದೆ. ನೀವು ಸಿಗದಿದ್ದಾಗ ಯಾರನ್ನು ಕೇಳಬೇಕು ಎಂಬುದನ್ನೂ ಸೇರಿಸಿ. ಆದರೆ ಅವರ ಹೆಸರು ಬರೆಯುವ ಮುಂಚೆ ಅವರನ್ನೇ ಒಂದು ಮಾತು ಕೇಳಿ.

ಬರೆದದ್ದನ್ನು ಜೊತೆಯವರಿಗೆ ತೋರಿಸಿ. ಒಂದೇ ಕೆಲಸವನ್ನು ಇಬ್ಬರು ಬರೆದುಕೊಂಡಿದ್ದರೆ ಆಗಲೇ ಗೊತ್ತಾಗುತ್ತದೆ.

ನಂತರ ಸಭೆಯಲ್ಲಿ ಎದ್ದುನಿಂತು ಓದಿ. ಎರಡು ನಿಮಿಷ ಸಾಕು. ಎಲ್ಲರಿಗೂ ಗೊತ್ತಿರುವುದೇ ಅಲ್ವಾ ಅನ್ನಿಸಬಹುದು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸೆ ಸುರಕ್ಷತಾ ಪಟ್ಟಿಯಲ್ಲಿ, ಚರ್ಮ ಕೊಯ್ಯುವ ಮುಂಚೆ ತಂಡದ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಿಕೊಳ್ಳಬೇಕು ಎಂದಿದೆ. ಓದಿದ ಮೇಲೆ ‘ಏನಾದರೂ ಬಿಟ್ಟಿದೆಯಾ?’ ಎಂದು ಕೇಳಿ, ಸುಮ್ನೆ ಕೂರಬೇಡಿ. ಒಪ್ಪಿದ್ದನ್ನು ತಾರೀಕಿನ ಸಮೇತ ನಡಾವಳಿ ಪುಸ್ತಕದಲ್ಲಿ ಬರೆಸಿ.

ಹೊಣೆ ಬಿಡುವಾಗಲೂ ಹೀಗೇ ಎಲ್ಲರ ಮುಂದೆ ಹೇಳಿ. ಕೀಲಿ, ಕಡತ, ಪಾಸ್‌ವರ್ಡ್ ಯಾರ ಕೈಗೆ ಹೋಯಿತು ಎಂಬುದೂ ಅದೇ ಪುಸ್ತಕದಲ್ಲಿ ಇರಲಿ.