ಶೆಟ್ಲಿ ಉಳಿಯಬೇಕಾ? ಮೊದಲು ಗಜನಿಯ ಬಾಗಿಲು ನೋಡಿ

ಶೆಟ್ಲಿ, ಅಂದರೆ ಸಿಗಡಿ, ಕಡಿಮೆಯಾಯ್ತು ಅಂದರೆ ಎಲ್ಲರೂ ಸಮುದ್ರದ ಕಡೆ ಕೈ ತೋರಿಸುತ್ತಾರೆ. ಸ್ವಲ್ಪ ಹಿಂದೆ ತಿರುಗಿ ಅಳಿವೆಯ ಕೆಸರನ್ನೂ ನೋಡಿ. ಬಿಳಿ ಶೆಟ್ಲಿ ಮೊಟ್ಟೆ ಇಡುವುದು ಸಮುದ್ರದಲ್ಲಿ, ನಿಜ. ಆದರೆ ಎರಡು-ಮೂರು ವಾರದ ಮರಿಗಳು ಭರತದ (ಉಬ್ಬರದ) ನೀರಿನ ಜೊತೆ ಒಳಗೆ ಬಂದು, ಕೆಲವು ತಿಂಗಳು ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಸಂದಿಯಲ್ಲಿ, ಗಜನಿಯ, ಅಂದರೆ ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆಯ, ಕೆಸರಿನಲ್ಲಿ ಬೆಳೆದು, ಆಮೇಲೆ ವಾಪಸ್ ಹೋಗುತ್ತವೆ. ಬಾಲವಾಡಿ ಮುಚ್ಚಿದರೆ ಶಾಲೆಗೆ ಮಕ್ಕಳು ಎಲ್ಲಿಂದ ಬರಬೇಕು, ಅಲ್ವಾ?

ಇದು ಕುಮಟಾ ಕಡೆಯ ಅಘನಾಶಿನಿ ಅಳಿವೆಯ ಲೆಕ್ಕ. ಅಣೆಕಟ್ಟು ಇಲ್ಲದ ಹೊಳೆ. 2024ರ ಜನವರಿಯಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಪಟ್ಟಿ ನೋಡಿ ಶೆಟ್ಲಿ ಬರುವುದಿಲ್ಲ ಬಿಡಿ.

ಮೊದಲ ಕೆಲಸ ಜಂತ್ರಡಿಯದ್ದು, ಅಂದರೆ ಗಜನಿ ಒಡ್ಡಿನಲ್ಲಿರುವ ಹಲಗೆ ಬಾಗಿಲಿನದ್ದು. ಗಜನಿಯಲ್ಲಿ ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಮೀನು, ಶೆಟ್ಲಿ. ಗದ್ದೆಯಲ್ಲಿ ಉಳಿದ ಕೂಳೆ ಕೊಳೆತು ಮರಿಗಳಿಗೆ ಊಟ ಆಗುತ್ತದೆ, ಅದನ್ನು ಸುಡಬೇಡಿ. ಭರತ ಬರುವಾಗ ಹಲಗೆ ಪೂರ್ತಿ ಎತ್ತಿ, ಬಲೆ ಗಿಲೆ ಏನೂ ಅಡ್ಡ ಇರಬಾರದು, ಯಾಕಂದರೆ ಮರಿ ಒಳಗೆ ಬರುವ ಹೊತ್ತೇ ಅದು. ಬಲೆ ಕಟ್ಟುವುದು ಇಳಿತಕ್ಕೆ, ಅದೂ ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ರಾತ್ರಿ, ಬೆಳೆದವು ಹೊರಗೆ ಹೊರಡುವಾಗ.

ಬಲೆ ಎತ್ತಿದ ಕೂಡಲೇ ಟಾರ್ಚ್ ಬಿಟ್ಟು ನೋಡಿ. ದೊಡ್ಡವುಗಳ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ತಳದಲ್ಲಿ ಗಾಜಿನ ಚೂರಿನಂಥ, ಉಗುರಿನಷ್ಟು ಉದ್ದದ ಮರಿಗಳು ಪಟಪಟ ಹಾರುತ್ತಿವೆಯಾ? ಹಾಗಾದರೆ ನಿಮ್ಮ ಬಲೆಯ ಕಣ್ಣು ಸಣ್ಣದಾಯ್ತು. ದಂಡೆಗೆ ತಂದು ಸುರಿದು ಆರಿಸಬೇಡಿ, ಅಷ್ಟರಲ್ಲಿ ಅವು ಸತ್ತಿರುತ್ತವೆ. ನೀರಲ್ಲೇ ನಿಂತು, ಬುಟ್ಟಿ ಅರ್ಧ ಮುಳುಗಿಸಿ ಅಲ್ಲಾಡಿಸಿ, ಸಣ್ಣವು ತಾವೇ ಸಂದಿಯಲ್ಲಿ ಜಾರಿ ಹೋಗುತ್ತವೆ. ಸೊಳ್ಳೆ ಪರದೆಯಂಥ ಬಲೆ ಮಾತ್ರ ಯಾವ ಕಾಲಕ್ಕೂ ಬೇಡ.

ಇನ್ನು ಕಾಂಡ್ಲಾ ನೆಡುವುದು. ಜಾಸ್ತಿ ತಪ್ಪಾಗುವುದೇ ಇಲ್ಲಿ. ನಾವೂ ಒಂದು ಸಲ ಹುಮ್ಮಸ್ಸಿನಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ ದಿಬ್ಬದ ಮೇಲೆ ಕಾಂಡ್ಲಾದ ನೂರಾರು ಕೋಡು, ಅಂದರೆ ಮರದಲ್ಲೇ ಮೊಳೆತ ಉದ್ದನೆಯ ಬೀಜ, ನೆಟ್ಟೆವು. ಹೆಚ್ಚು ಹೊತ್ತು ನೀರಲ್ಲೇ ಮುಳುಗಿರುವ ಜಾಗ ಅದು. ಕಾಂಡಕ್ಕೆಲ್ಲ ಚಿಪ್ಪು ಹತ್ತಿ, ಭಾರಕ್ಕೆ ಬಾಗಿ, ದೀಪಾವಳಿ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಬಳಚು ಹೆಕ್ಕುವ ಹೆಂಗಸರಿಂದ ಬೈಸಿಕೊಂಡದ್ದು ಬೇರೆ. ಸರಿಯಾಗೇ ಬೈದರು.

ಹಳೇ ಕಾಂಡ್ಲಾ ಯಾವ ಮಟ್ಟದಲ್ಲಿದೆ ನೋಡಿ, ಅದೇ ಮಟ್ಟದ ದಂಡೆ ಆರಿಸಿ. ಮಳೆಗಾಲದಲ್ಲಿ ನುಗ್ಗೆಕಾಯಿ ಹಾಗೆ ನೇತಾಡುವ ಕೋಡುಗಳಲ್ಲಿ ಮುಟ್ಟಿದರೆ ಕಳಚುವಂಥದ್ದು ಅಥವಾ ತಾನೇ ಉದುರಿದ್ದು ತನ್ನಿ, ಹುಳು ತೂತು ಇದ್ದರೆ ಬೇಡ. ಚೂಪು ತುದಿ ಕೆಳಗೆ, ಮೂರರಲ್ಲಿ ಒಂದು ಪಾಲು ಕೆಸರೊಳಗೆ. ಗಿಡ ತಾನಾಗೇ ಹುಟ್ಟುತ್ತಿರುವ ಕಡೆ ನೆಡುವುದೇ ಬೇಡ, ಸುಮ್ನೆ ಬಿಡಿ, ದನ ಬಾರದ ಹಾಗೆ ನೋಡಿಕೊಂಡರೆ ಸಾಕು. ಕಡಿಯಲು ಯಾರಾದರೂ ಬಂದರೆ, 2019ರ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಕಾಂಡ್ಲಾ ಅತಿ ಹೆಚ್ಚು ರಕ್ಷಣೆಯ ಒಂದನೇ ವರ್ಗದಲ್ಲಿದೆ ಅಂತ ಹೇಳಿ.

ಪಕ್ಕದಲ್ಲಿ ಸಿಗಡಿ ಕೊಳ ಇದ್ದರೆ ಒಂದು ಕಣ್ಣು ಅಲ್ಲಿರಲಿ. ಬಿಳಿ ಚುಕ್ಕೆ ರೋಗ ಬಂದ ಕೊಳದ ನೀರನ್ನು ಹಾಗೇ ಹೊಳೆಗೆ ಬಿಡಲು ಬಿಡಬೇಡಿ. ಆ ರೋಗದ ವೈರಸ್ ಏಡಿಗೂ ಹತ್ತುತ್ತದೆ.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ರಜೆ ಸಮುದ್ರದ ಯಾಂತ್ರಿಕ ಬೋಟುಗಳಿಗೆ. ಗಜನಿಯ ನಿಯಮ ಊರಿನವರೇ ಮಾಡಿಕೊಳ್ಳಬೇಕು. ಅದಕ್ಕೆ ಒಳ್ಳೆಯ ಜಾಗ, ಗಜನಿಯಲ್ಲಿ ಮೀನು, ಶೆಟ್ಲಿ ಹಿಡಿಯುವ ಗುತ್ತಿಗೆಯ ಹರಾಜಿನ ಕರಾರು ಪತ್ರ. ಗುತ್ತಿಗೆ ಹಿಡಿದವನಿಗೆ ಆ ವರ್ಷದ ಹಣ ಎತ್ತುವ ಚಿಂತೆ, ಅದು ಅವನ ತಪ್ಪೂ ಅಲ್ಲ. ಹರಾಜು ಕೂಗುವ ಮೊದಲೇ ಬಲೆಯ ಕಣ್ಣು ಎಷ್ಟು, ಭರತಕ್ಕೆ ಬಲೆ ಇಲ್ಲ, ಕಗ್ಗ ಬಿತ್ತನೆಗೆ ಮೊದಲು ಯಾವ ತಾರೀಕಿಗೆ ಉಪ್ಪುನೀರು ನಿಲ್ಲಬೇಕು, ಇಷ್ಟು ಬರೆಸಿ ಸಹಿ ಹಾಕಿಸಿ. ಹಲಗೆ ಎತ್ತಿ ಇಳಿಸುವ ಆಳು ಮಾತ್ರ ಗುತ್ತಿಗೆದಾರನ ಕಡೆಯವನಲ್ಲ, ಊರಿನವನೇ ಇರಲಿ.