ಗಣಿತ ಒಲಿಯದಿದ್ದರೂ ಪ್ರಯೋಗಾಲಯದಲ್ಲಿ ಉಳಿದ ಬಗೆ

ಗಣಿತ ಬಾರದವರು ವಿಜ್ಞಾನದ ಕಡೆ ತಲೆಹಾಕಬಾರದು ಎಂದು ನನ್ನ ಮುಖಕ್ಕೇ ಹೇಳಿದವರಲ್ಲಿ ಇಬ್ಬರು ಈಗ ಡಿಎನ್ಎಯನ್ನು ಸುತ್ತುಸುತ್ತಾಗಿ ಇಮ್ಮಡಿಗೊಳಿಸಿ ಅಳೆಯುವ ತಮ್ಮ ಕ್ಯೂಪಿಸಿಆರ್ ಪರೀಕ್ಷೆಯ ಅಂಕಿಗಳನ್ನು ಹಿಡಿದುಕೊಂಡು ನನ್ನ ಮೇಜಿನ ಬಳಿಗೆ ಬರುತ್ತಾರೆ. ಜಂಬ ಎಂದುಕೊಂಡರೂ ಸರಿಯೇ. ಗಣಿತದಲ್ಲಿ ನಪಾಸಾಗಿ ಜೀವಶಾಸ್ತ್ರಕ್ಕೆ ಹೊರಳಿದರೆ ಅಲ್ಲಿಯೂ ಲಾಗ್, ಇಳಿಜಾರು, ವಿಚಲನೆ ಎಂದು ಅದೇ ಗಣಿತ ಬೆನ್ನುಹತ್ತಿ ಬಂದಿತ್ತು. ಅದನ್ನು ದಾಟಿ ಬಂದ ಮೇಲೆ ಇಷ್ಟಾದರೂ ಜಂಬ ಬೇಡವೇ?

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಮನೆಪಾಠಕ್ಕೆ ಸೇರಿದೆ, ಶಿಷ್ಯವೇತನದ ಮೂರನೇ ಒಂದು ಪಾಲು ಅಲ್ಲಿಗೇ ಹೋಗುತ್ತಿತ್ತು. ದುಡ್ಡು ಕೊಟ್ಟು ಕೊಂಡ ಆನ್‌ಲೈನ್ ಕೋರ್ಸುಗಳಲ್ಲಿ ಒಂದೂ ಅರ್ಧ ದಾಟಲಿಲ್ಲ. ಕ್ಯಾಲ್ಕುಲಸ್ ಪುಸ್ತಕವನ್ನು ಮೊದಲ ಪುಟದಿಂದ ಹಿಡಿದಾಗಲೆಲ್ಲ ಮಿತಿಗಳ ಅಧ್ಯಾಯದಲ್ಲೇ ಮಗುಚಿಟ್ಟೆ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಸಂಖ್ಯಾಶಾಸ್ತ್ರದ ತಂತ್ರಾಂಶವೊಂದರ ವಾರ್ಷಿಕ ಪರವಾನಗಿ. ಹೆಚ್ಚುಕಡಿಮೆ ಎರಡು ತಿಂಗಳ ಶಿಷ್ಯವೇತನ ತೆತ್ತೆ. ಗುಂಡಿ ಒತ್ತಿದರೆ ಪಿ-ಮೌಲ್ಯ ಬೀಳುತ್ತಿತ್ತು, ಅದು ಏನು ಹೇಳುತ್ತಿದೆ ಎಂಬುದು ಮಾತ್ರ ಗೊತ್ತಾಗುತ್ತಿರಲಿಲ್ಲ. ಆಮೇಲೆ ಬಿಡಿಗಾಸೂ ಕೇಳದ ಆರ್ (R) ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅದರ ಎರಡರಷ್ಟು ಕೆಲಸ ತೆಗೆದೆ.

ದಾರಿ ತೆರೆದದ್ದು ಕೆಲಸಕ್ಕೆ ಬಾರದ ಒಂದು ಪ್ರೈಮರ್ ಜೋಡಿಯಿಂದ. ಡಿಎನ್ಎಯ ನಕಲು ಶುರುವಾಗಲು ಬೇಕಾದ ಚಿಕ್ಕ ತುಣುಕುಗಳೇ ಪ್ರೈಮರ್. ಮಾದರಿಯನ್ನು ಹತ್ತತ್ತು ಪಟ್ಟು ತೆಳುಗೊಳಿಸುತ್ತಾ ಹೋದಾಗ ಡಿಎನ್ಎ ಪತ್ತೆಯಾಗಲು ಬೇಕಾದ ಸುತ್ತುಗಳನ್ನು ಅದರ ಪ್ರಮಾಣದ ಲಾಗ್ ಎದುರು ಎಳೆದ ರೇಖೆಯ ಇಳಿಜಾರು −3.32 ಇರಬೇಕು ಎಂದು ನಮಗೆಲ್ಲ ಬಾಯಿಪಾಠ. ನನಗೆ −3.9ರ ಆಸುಪಾಸು ಬರುತ್ತಿತ್ತು. ಈ 3.32 ಎಲ್ಲಿಂದ ಬಂತು ಎಂದು ಕಾಗದ ಹಿಡಿದು ಕುಳಿತೆ. ಒಂದು ಪ್ರತಿ ಮೂರು ಸಲ ಇಮ್ಮಡಿಯಾದರೆ 8, ನಾಲ್ಕು ಸಲಕ್ಕೆ 16. ಹತ್ತು ಅವೆರಡರ ನಡುವೆ, ಎಂಟಕ್ಕೆ ಹತ್ತಿರ. ಅಂದರೆ ಹತ್ತಾಗಲು ಎಷ್ಟು ಸಲ ಇಮ್ಮಡಿಯಾಗಬೇಕು ಎಂಬ ಲೆಕ್ಕವೇ 3.32. ಶಾಲೆಯಿಂದಲೂ ಕಾಡಿದ ಲಾಗ್ ಇಷ್ಟೇ! −3.9 ಎಂದರೆ ನನ್ನ ಪ್ರೈಮರ್ ಪ್ರತಿ ಸುತ್ತಿಗೆ ಎರಡಲ್ಲ, 1.8 ಪಟ್ಟು ಮಾತ್ರ ಬೆಳೆಸುತ್ತಿದೆ. ಸಣ್ಣ ಕೊರತೆ ಎನಿಸುತ್ತದೆ. ಮೂವತ್ತು ಸುತ್ತು ಕಳೆಯುವಷ್ಟರಲ್ಲಿ ಅದು ಇಪ್ಪತ್ತಕ್ಕೂ ಹೆಚ್ಚು ಪಟ್ಟಿನ ವ್ಯತ್ಯಾಸ. ಪ್ರೈಮರ್ ಬದಲಿಸಿದೆವು. ಆ ವರ್ಷ ಕಿಟ್‌ಗಳಿಗೆಂದು ಇಟ್ಟಿದ್ದ ಹಣದಲ್ಲಿ ಕಾಲುಭಾಗದಷ್ಟು ಉಳಿದಿರಬೇಕು.

ಅಲ್ಲಿಂದ ಪುಸ್ತಕದ ಕ್ರಮ ಬಿಟ್ಟೆ. ನನ್ನ ದತ್ತಾಂಶ ಕೇಳಿದ ಗಣಿತವನ್ನಷ್ಟೇ, ಅದು ಕೇಳಿದ ದಿನವೇ ಕಲಿಯುವುದು. ಮೊದಲು ಅಂಕಿಗಳು, ಆಮೇಲೆ ಗ್ರಾಫ್, ಅಕ್ಷರಗಳ ಸಮೀಕರಣ ಕಟ್ಟಕಡೆಗೆ. ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವ ಟಿ-ಪರೀಕ್ಷೆಯ ಸೂತ್ರ ನನಗೆ ಎಂದೂ ಒಗ್ಗಲಿಲ್ಲ. ಮದ್ದು ಹಾಕಿದ ಆರು ತಟ್ಟೆ, ಹಾಕದ ಆರು ತಟ್ಟೆ ಇವೆ ಎನ್ನಿ. ಹನ್ನೆರಡನ್ನೂ ಕಲಸಿ ಮತ್ತೆ ಆರಾರಾಗಿ ಹಂಚುವ ಬಗೆಗಳು ಒಟ್ಟು 924. ಮದ್ದಿಗೆ ಏನೂ ಪರಿಣಾಮವಿಲ್ಲದಿದ್ದರೆ ನನಗೆ ಸಿಕ್ಕಷ್ಟು ದೊಡ್ಡ ಅಂತರ ಆ 924ರಲ್ಲಿ ಎಷ್ಟು ಸಲ ತಾನಾಗಿಯೇ ಬರುತ್ತದೆ? ಕಂಪ್ಯೂಟರ್ ಎಣಿಸಿ ಹೇಳುತ್ತದೆ. ಪಿ-ಮೌಲ್ಯ ಎಂದರೇನು ಎಂದು ನನಗೆ ತಿಳಿದದ್ದು ಆ ಎಣಿಕೆಯಿಂದ.

ಇದರ ನಡುವೆ ಒಂದು ಹುಚ್ಚಾಟ. 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಇ. ಕೋಲೈ ಬ್ಯಾಕ್ಟೀರಿಯಾ ಒಂದೇ ಒಂದಿದ್ದು, ಆಹಾರಕ್ಕೆ ಕೊರತೆಯೇ ಇಲ್ಲವೆಂದರೆ ಒಂದು ದಿನಕ್ಕೆ 72 ಇಮ್ಮಡಿ. ಜೀವಕೋಶಕ್ಕೆ ಒಂದು ಪಿಕೋಗ್ರಾಂ, ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು, ಹಿಡಿದರೂ ನಾಲ್ಕು ಸಾವಿರ ಟನ್ ಮೀರುತ್ತದೆ. ಸಂಶೋಧನೆಗೆ ನಯಾಪೈಸೆಯ ಉಪಯೋಗವಿಲ್ಲದ ಲೆಕ್ಕ. ಆದರೆ ಲಾಗ್ ಅಕ್ಷದ ಮೇಲೆ ಅದು ನೆಟ್ಟಗಿನ ಗೆರೆಯಾಗಿ ಬಂದಾಗ ಒಬ್ಬನೇ ನಕ್ಕಿದ್ದೆ.

ಸಮಾಧಾನ ಹೇಳುವವರು ವಿದ್ಯುತ್ತು, ಕಾಂತತೆಯ ಪ್ರಯೋಗಗಳಿಗೆ ಹೆಸರಾದ ಫ್ಯಾರಡೆಯನ್ನು ಎಳೆದು ತರುತ್ತಾರೆ. ನಿಜ, ಅವನಿಗೆ ಗಣಿತ ಅಷ್ಟಕ್ಕಷ್ಟೇ. ಗಣಿತದ ನಿರ್ಣಯಗಳನ್ನು ಆಡುಮಾತಿನಲ್ಲೂ ಹೇಳಬಾರದೇ ಎಂದು 1857ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್‌ಗೆ ಪತ್ರ ಬರೆದಿದ್ದ. ಆದರೆ ಅವನ ಬಲರೇಖೆಗಳನ್ನು ಸಮೀಕರಣಕ್ಕಿಳಿಸಲು ಮ್ಯಾಕ್ಸ್‌ವೆಲ್ ಸಿಕ್ಕಿದ. ನಮಗೆ ಸಿಗುವುದು ಬಿಡುವಿಲ್ಲದ ಒಬ್ಬ ಸಂಖ್ಯಾಶಾಸ್ತ್ರಜ್ಞ. ಅವನ ಬಳಿಗೆ ಪ್ರಯೋಗ ಮುಗಿದ ಮೇಲೆ ಹೋದರೆ ಹೆಣದ ಪರೀಕ್ಷೆಯಷ್ಟೇ. ನಾನು ಶುರುವಿಗೆ ಮೊದಲೇ ಹೋಗುತ್ತೇನೆ, ಕೈಯಲ್ಲಿ ಒಂದು ಪುಟದ ಟಿಪ್ಪಣಿ ಇರುತ್ತದೆ. ಅದರಲ್ಲಿ ಏನಿರುತ್ತದೆ ಎಂಬುದು ನನ್ನ ವಿದ್ಯಾರ್ಥಿಗಳಿಗೆ ಮೀಸಲು, ಇಲ್ಲಿ ಹೇಳುವುದಿಲ್ಲ.

ಸೈದ್ಧಾಂತಿಕ ಭೌತಶಾಸ್ತ್ರಕ್ಕೆ ಹೊರಟವರಿಗೆ ಈ ದಾರಿ ಸಾಲದು. ಅಲ್ಲಿ ಗಣಿತವೇ ಕಸುಬು. ಬದಲಾವಣೆಯ ವೇಗವನ್ನು ಹೇಳುವ ಅವಕಲ ಸಮೀಕರಣವನ್ನು ನಾನು ಇಂದಿಗೂ ಕೈಯಲ್ಲಿ ಬಿಡಿಸಲಾರೆ. ಬೆಳವಣಿಗೆಯ ರೇಖೆ ಬೇಕಾದಾಗ ಒಂದೊಂದು ನಿಮಿಷದ ಹೆಜ್ಜೆಯಲ್ಲಿ ಕಂಪ್ಯೂಟರಿನಿಂದ ಕೂಡಿಸುತ್ತೇನೆ. ಹೆಜ್ಜೆಯನ್ನು ಅರ್ಧಕ್ಕಿಳಿಸಿದರೂ ಉತ್ತರ ಕದಲದಿದ್ದರೆ ಬರೆದುಕೊಳ್ಳುತ್ತೇನೆ, ಕದಲಿದರೆ ಮತ್ತೆ ಅರ್ಧ ಮಾಡುತ್ತೇನೆ.